ಬಿಳಿಗೆರೆಯ ಕರಾವಳಿ

ನಮ್ಮ ಸೋದರತ್ತೆ ಹುಟ್ಟಿದ್ದು, ಬೆಳೆದದ್ದು, ಮದುವೆಯಾಗಿ ಸಂಸಾರ ಹೂಡಿದ್ದು ಎಲ್ಲವೂ ಕರಾವಳಿಯಲ್ಲೇ. ಸಮುದ್ರ ಮಾತ್ರ ಅವಳ ಮನೆಯಿಂದ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿತ್ತು. ಅಷ್ಟು ಸಣ್ಣ ವಿಷಯಕ್ಕೆಲ್ಲ ತಲೆ ಕೆಡಿಸಿಕೊಳ್ಳುವ ಹೆಂಗಸೇ ಅವಳು?

ತಿಪಟೂರಿನ ಪಕ್ಕದ ಬಿಳಿಗೆರೆ ಕರಾವಳಿ ಹೇಗಾಯಿತು ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. ನಾಲ್ಕನೇ ತರಗತಿಯಲ್ಲಿ ಅವಳ ಮೇಷ್ಟ್ರು ತೆಂಗು ಕರಾವಳಿಯ ಬೆಳೆ ಎಂದು ಪಾಠ ಮಾಡಿದರಂತೆ. ಅತ್ತೆ ಕಿಟಕಿಯಿಂದ ಹೊರಗೆ ನೋಡಿದಳಂತೆ. ಕಣ್ಣು ಹಾಯುವಷ್ಟು ದೂರ ತೆಂಗು, ಅದರಾಚೆಗೆ ಇನ್ನಷ್ಟು ತೆಂಗು. ಅಲ್ಲಿಗೆ ವಿಷಯ ತೀರ್ಮಾನವಾಯಿತು. ಆ ವರ್ಷವೇ ಅವಳನ್ನು ಶಾಲೆ ಬಿಡಿಸಿದ್ದರಿಂದ ಐದನೇ ತರಗತಿಯಲ್ಲಿ ಬರಬೇಕಾಗಿದ್ದ ತಿದ್ದುಪಡಿ ಅವಳನ್ನು ತಲುಪಲೇ ಇಲ್ಲ. ಆ ಶಾಲೆಗೆ ಕಿಟಕಿಯೇ ಇರಲಿಲ್ಲ ಎಂದು ನನ್ನ ಅಪ್ಪ ಹೇಳುತ್ತಿದ್ದ. ಹಾಗಾದರೆ ಕಿಟಕಿ ಇಟ್ಟವರು ಯಾರು? ಅತ್ತೆಯೋ, ಕಥೆಗೆ ಬೇಕೆಂದು ನಾನೋ, ಈಗ ಹೇಳುವುದು ಕಷ್ಟ. ತೆಂಗಿನ ಮರಗಳಂತೂ ಇದ್ದವು.

ನಾನಾಗ ತುರುವೇಕೆರೆಯ ಹೈಸ್ಕೂಲೊಂದರಲ್ಲಿ ಭೂಗೋಳದ ಮೇಷ್ಟ್ರು. ರಜೆ ಸಿಕ್ಕಾಗೆಲ್ಲ ಬಸ್ಸು ಹತ್ತಿ ಅತ್ತೆಯ ಮನೆಗೆ ಹೋಗುತ್ತಿದ್ದೆ. ಇಷ್ಟೊಂದು ಹುಡುಗರಿಗೆ ಭೂಮಿ ಗುಂಡಗಿದೆ ಎಂದು ಒಪ್ಪಿಸಿದವನು ಒಬ್ಬ ಅತ್ತೆಗೆ ಬಿಳಿಗೆರೆ ಒಳನಾಡು ಎಂದು ಒಪ್ಪಿಸಲಾರೆನೇ? ಒಂದು ಸಲ ಶಾಲೆಯ ಭೂಪಟವನ್ನೇ ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಹೋಗಿ ಅವಳ ಜಗಲಿಯ ಮೇಲೆ ಹಾಸಿದೆ.

"ನೋಡತ್ತೆ, ಇದು ಸಮುದ್ರ. ಇದು ಘಟ್ಟ. ಇದು ಹಾಸನ. ಇಲ್ಲಿ ತಿಪಟೂರು."

"ಬಿಳಿಗೆರೆ ಎಲ್ಲೈತೆ?"

"ಇದರಲ್ಲಿ ಹಾಕಿಲ್ಲ ಅತ್ತೆ. ಚಿಕ್ಕ ಊರಲ್ವಾ?"

"ನಮ್ಮೂರೇ ಇಲ್ದಿರೋ ಪಟದಾಗೆ ನಮ್ಮೂರಿಂದ ಸಮುದ್ರ ಎಷ್ಟು ದೂರ ಅಂತ ಹೆಂಗ್ಲಾ ಅಳೀತೀಯ? ಸುತ್ತಿ ಮಡಿಕ್ಕೋ. ಮಕ್ಳಿಗೂ ಇದನ್ನೇ ಹೇಳ್ಕೊಡ್ತೀಯ? ಪಾಪ, ಯಾರು ಹೆತ್ತ ಮಕ್ಳೋ!"

ಕಂಬಕ್ಕೆ ಒರಗಿ ಕೂತಿದ್ದ ಮಾವ, ಅಂದರೆ ಅತ್ತೆಯ ಗಂಡ, ಎಲೆಯಡಿಕೆ ಉಗುಳುವ ನೆಪದಲ್ಲಿ ಎದ್ದುಹೋದರು. ಹಿತ್ತಲಲ್ಲಿ ಅವರು ನಗುವುದು ಜಗಲಿಯವರೆಗೂ ಕೇಳಿಸಿತು.

ಇಷ್ಟೇ ಆಗಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಆದರೆ ಆ ಮನೆಗೆ ಚರ್ಮದ ಚೀಲದ ಒಂದು ಟ್ರಾನ್ಸಿಸ್ಟರ್ ಬಂತು. ಮಾವ ತಂದದ್ದು ಹಾಡು ಕೇಳಲು. ಒಂದು ವಾರ ಹಾಡು ಕೇಳಿದರು. ಎಂಟನೆಯ ದಿನ ಅತ್ತೆ, ಸಂಜೆಯ ವಾರ್ತೆಯ ಕೊನೆಯಲ್ಲಿ ಹವಾಮಾನ ಎಂಬುದೊಂದು ಬರುತ್ತದೆಂದು ಕಂಡುಹಿಡಿದಳು. ಅದರಲ್ಲೂ ಮೊದಲ ಮಾತೇ ಕರಾವಳಿ! ಸರ್ಕಾರದವರು ತನ್ನನ್ನೇ ಹೆಸರು ಹಿಡಿದು ಕರೆದಷ್ಟು ಸಂಭ್ರಮ ಅವಳಿಗೆ. ಅಂದಿನಿಂದ ಟ್ರಾನ್ಸಿಸ್ಟರ್ ದೇವರ ಗೂಡಿನ ಪಕ್ಕದ ಮೊಳೆಗೆ ಏರಿತು. ಕರಾವಳಿಯ ಮಾತು ಮುಗಿದು "ದಕ್ಷಿಣ ಒಳನಾಡಿನಲ್ಲಿ" ಎಂಬಲ್ಲಿಗೆ ಬರುತ್ತಲೇ ಅತ್ತೆ ಅದರ ಕಿವಿ ತಿರುಗಿಸುವಳು. ಟಕ್!

"ಲೇ, ಅದೇ ಕಣೇ ನಮ್ದು! ಅದನ್ನ ಕೇಳಾದು ಬಿಟ್ಟು..." ಎಂದು ಮಾವ ಒದ್ದಾಡುವರು.

"ಅವ್ರ ಮನೆ ಸುದ್ದಿ ನಮಗ್ಯಾಕ್ರೀ? ರೇಡಿಯೋ ಸೆಲ್ಲೇನು ತೋಟದಾಗೆ ಬೆಳೀತದಾ?"

ಹೀಗೆ ನಮ್ಮತ್ತೆಯ ಮನೆ ಒಂದರಲ್ಲಿ ಮಾತ್ರ ಕರಾವಳಿಯ ಮಳೆಗಾಲ ಶುರುವಾಯಿತು. ಭಾರಿ ಮಳೆ ಎಂದು ರೇಡಿಯೋ ಹೇಳಿದರೆ ಒಣಗಲು ಹಾಕಿದ ಹಪ್ಪಳ ಒಳಕ್ಕೆ, ಸೌದೆ ಒಳಕ್ಕೆ, ಕೋಳಿ ಒಳಕ್ಕೆ. ಹೊರಗೆ ಚುರುಗುಟ್ಟುವ ಬಿಸಿಲು. "ಮಳೆ ಎಲ್ಲತ್ತೆ?" ಎಂದರೆ "ದಾರೀಲೈತೆ" ಎನ್ನುವಳು. ನಡೆದು ಬರುವ ಮಳೆ ಪಾಪ, ಘಟ್ಟ ಹತ್ತಿ ಇಳಿಯಬೇಕಲ್ಲ!

ಎಲ್ಲರೂ ಈಗಲೂ ನೆನೆಸಿಕೊಂಡು ನಗುವುದು ಬೋರನಕಣಿವೆಯದು. ಕೆಂಕೆರೆಯ ನೆಂಟರ ಮನೆಗೆ ಹೋಗಿದ್ದೆವು. ಮಾರನೆಯ ದಿನ ಗಾಡಿ ಕಟ್ಟಿಕೊಂಡು ಬೋರನಕಣಿವೆಯ ಅಣೆಕಟ್ಟಿಗೆ ಹೋಗಿ, ಹಿನ್ನೀರಲ್ಲಿ ಮಕ್ಕಳನ್ನು ಆಡಿಸಿ, ಬುತ್ತಿ ಉಂಡು ಬರುವುದು ಎಂದಾಗಿತ್ತು. ಟ್ರಾನ್ಸಿಸ್ಟರೂ ನೆಂಟಸ್ತನಕ್ಕೆ ಬಂದಿತ್ತಲ್ಲ, ಆ ಸಂಜೆ ಅದು ಮೀನುಗಾರರು ಸಮುದ್ರಕ್ಕೆ ಇಳಿಯಬಾರದು ಎಂದುಬಿಟ್ಟಿತು. ಬೆಳಿಗ್ಗೆ ನೀರಿನ ದಂಡೆಯಲ್ಲಿ ಅತ್ತೆ ಸೆರಗು ಸಿಕ್ಕಿಸಿ, ಎರಡು ಕೈಯನ್ನೂ ಅಗಲಿಸಿ ನಿಂತಳು. ಒಂದು ಮಗುವೂ ಅವಳನ್ನು ದಾಟಲಿಲ್ಲ.

"ಅಕ್ಕಾ, ಮೊಣಕಾಲುದ್ದ ನೀರು ಕಣಕ್ಕಾ" ಎಂದ ಕೆಂಕೆರೆಯ ನೆಂಟ.

"ಅಲೆ ಬಂದ್ರೆ?"

"ಬೋರನಕಣಿವೇಲಿ ಎಲ್ಲಿಂದಕ್ಕಾ ಅಲೆ?"

ಸಂಜೆಯವರೆಗೆ ಅಲೆ ಬರಲಿಲ್ಲ. ಬುತ್ತಿಯನ್ನು ದಡದಲ್ಲೇ ಉಂಡು ಗಾಡಿ ಹತ್ತುವಾಗ ನೆಂಟ ಮೀಸೆಯಲ್ಲೇ ನಕ್ಕು "ಎಲ್ಲಕ್ಕಾ ನಿನ್ನ ಅಲೆ?" ಎಂದ. ಅತ್ತೆ ಅವನನ್ನು ಕರುಣೆಯಿಂದ ನೋಡಿದಳು. "ಬರ್ದೇ ಇದ್ದುದ್ದು ನಾವು ಇಳೀದೇ ಇದ್ದುದ್ಕೆ ಕಣಪ್ಪ!"

ಈ ವಾದಕ್ಕೆ ಉತ್ತರವಿದ್ದರೆ ನನಗೆ ಬರೆದು ತಿಳಿಸಿ.

ಇಲ್ಲಿ ಮಾವನ ವಿಷಯ ಹೇಳಬೇಕು. ನಮ್ಮ ಸೀಮೆಯಲ್ಲಿ ಕಾಯಿ ಕೆಡವಿದ ಕೂಡಲೇ ಒಡೆಯುವುದಿಲ್ಲ. ಸುಲಿಯದೆ, ಮಟ್ಟೆ ಸಮೇತ ಅಟ್ಟಕ್ಕೆ ಏರಿಸಿ ಹತ್ತು ಹನ್ನೊಂದು ತಿಂಗಳು ಅದರ ಪಾಡಿಗೆ ಬಿಟ್ಟುಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ಆಯಿತೋ ಇಲ್ಲವೋ ಎಂದು ಹೇಳಬೇಕಾದ್ದು ಕಿವಿ. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಗುಳುಗುಳು ಅಂದರೆ ಇನ್ನೂ ನೀರಿದೆ. ಗೊಟಗೊಟ ಅಂದರೆ ಕೊಬ್ಬರಿ. ಆಗದ್ದನ್ನು ಒಡೆದು ಚೀಲಕ್ಕೆ ತುಂಬಿದಿರೋ, ತಿಪಟೂರಿನ ವರ್ತಕ ಮೂಸಿ ನೋಡಿ ಚೀಲವನ್ನೇ ಪಕ್ಕಕ್ಕೆ ತಳ್ಳುತ್ತಾನೆ.

ನಮ್ಮ ನಿಮ್ಮಂಥವರಿಗೆ ಕೇಳುವುದು ಈ ಎರಡು ಸದ್ದು. ಎರಡರ ನಡುವೆ ಇನ್ನೂ ಹದಿಮೂರು ಸದ್ದುಗಳಿವೆ ಎಂದು ಮಾವ ಹೇಳುತ್ತಿದ್ದರು. ಒಂದೇ ಒಂದು ಸಲ ಅಲ್ಲಾಡಿಸಿ "ಇದು ಇನ್ನು ಹನ್ನೆರಡು ದಿನಕ್ಕೆ" ಎಂದು ಪಕ್ಕಕ್ಕಿಡುವರು. ಚಿಕ್ಕನಾಯಕನಹಳ್ಳಿಯ ಕಡೆಯಿಂದ ಜನ ಅನುಮಾನದ ಕಾಯಿಗಳನ್ನು ಚೀಲದಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ಬಂದು ಅವರ ಮುಂದೆ ಸುರಿಯುತ್ತಿದ್ದರು, ಕೂಸನ್ನು ಡಾಕ್ಟರ ಹತ್ತಿರ ತರುವ ಹಾಗೆ. ಬೇರೆ ಯಾವ ವಿಷಯಕ್ಕೂ ಮಾವನನ್ನು ಊರಲ್ಲಿ ಯಾರೂ ಮಾತಾಡಿಸುತ್ತಿರಲಿಲ್ಲ. ಪಂಚಾಯ್ತಿಗೆ ಕರೆಯುತ್ತಿರಲಿಲ್ಲ, ಮದುವೆಯ ಮಾತಿಗೆ ಕರೆಯುತ್ತಿರಲಿಲ್ಲ. ಆ ಮನುಷ್ಯನಿಗಿದ್ದದ್ದು ಆ ಕಿವಿ ಒಂದೇ.

ಕಿವಿಗೆ ತಕ್ಕ ಹಾಗೆ ಒಂದು ಸಿದ್ಧಾಂತವೂ ಇತ್ತು.

"ಬೆಳಿಗ್ಗೆ ತಂಪೊತ್ನಲ್ಲಿ ಕಾಯಿ ಸುಳ್ಳು ಹೇಳ್ತದೆ ಕಣ್ಲಾ. ಮಟ್ಟೆ ಮೆತ್ತಗಿರ್ತದೆ. ಸೂರ್ಯ ನೆತ್ತಿ ಮೇಲೆ ಬಂದಾಗ ನೋಡು, ಗರಿಗರಿ ಆಗಿ ನಿಜ ಬಾಯ್ಬಿಡ್ತದೆ."

ಹಾಗಾಗಿ ಮಾವ ಅಟ್ಟ ಹತ್ತುತ್ತಿದ್ದದ್ದು ನಡುಮಧ್ಯಾಹ್ನ. ಮೇಲೆ ಕಾದ ಹೆಂಚು, ಕೆಳಗೆ ಸಾವಿರಾರು ಕಾಯಿ, ಗಾಳಿ ಬರಲು ಒಂದು ಕೈಯಗಲದ ತೂತು. ಒಂದು ವರ್ಷ ಯುಗಾದಿಯಾದ ಮೇಲೆ ಒಂದು ಮಧ್ಯಾಹ್ನ ಅಲ್ಲಿಂದ ಇಳಿದು ಬಂದವರು ನೀರು ಕೊಟ್ಟ ಅತ್ತೆಯನ್ನು "ಅವ್ವಾ" ಎಂದು ಕರೆದು, ಅಲ್ಲೇ ಗೋಡೆಗೆ ಒರಗಿ ಕುಸಿದಿದ್ದರು. ಮೈಯಲ್ಲಿ ಒಂದು ಹನಿ ಬೆವರಿಲ್ಲ, ಮುಟ್ಟಿದರೆ ಸುಡುತ್ತಿತ್ತು. ಇನ್ನೊಂದು ಸಲ ಹೀಗಾದರೆ ಆಸ್ಪತ್ರೆಗೆ ಕರೆತರುವಷ್ಟು ಹೊತ್ತು ನಿಮಗೆ ಸಿಗುವುದಿಲ್ಲ ಎಂದು ಡಾಕ್ಟರು ಅತ್ತೆಗೆ ಹೇಳಿ ಕಳಿಸಿದರು. ಡಾಕ್ಟರು ತನ್ನ ಮೈಕಟ್ಟನ್ನು ಬಹಳ ಹೊಗಳಿದರೆಂದು ಮಾವ ಊರಿಗೆಲ್ಲ ಹೇಳಿದರು.

ಅಂದಿನಿಂದ ಅತ್ತೆಗೆ ಮಳೆ ಬೇಡ, ಅಲೆ ಬೇಡ. ರೇಡಿಯೋದಲ್ಲಿ ಬಿಸಿಲೊಂದನ್ನೇ ಕೇಳುವಳು. ಬಿಸಿಲಿನ ದಿನಗಳಲ್ಲಿ ಮಧ್ಯಾಹ್ನ ಗಂಡನನ್ನು ಅಟ್ಟದಿಂದ ದೂರ ಇಡುವುದು, ಇದೊಂದೇ ಅವಳ ಕೆಲಸವಾಯಿತು. ಹೆಂಡತಿಯ ಮಾತಿಗೆ ಮಾವ ಎಂದೂ ಬಗ್ಗಿದವರಲ್ಲ. ಸರ್ಕಾರದ ಮಾತಿಗಾದರೂ ಬಗ್ಗಿಯಾರು ಎಂದು ಅವಳ ಆಸೆ. ಅವರೋ ಸರ್ಕಾರ ಹೇಳುತ್ತಿರುವುದು ಮಂಗಳೂರಿನವರಿಗೆ ಎನ್ನುವರು!

ಮರುವರ್ಷ ಬಿಸಿಲು ಕಾಲ ನೋಡಿಕೊಂಡು ಬರಲಿಲ್ಲ. ಎಪ್ಪತ್ತರ ದಶಕದ ಕೊನೆಯೋ ಎಂಬತ್ತರ ಶುರುವೋ, ನನಗೆ ಖಚಿತವಿಲ್ಲ. ಅತ್ತೆಯ ಲೆಕ್ಕದಲ್ಲಿ ಅದು ಕೆಂದ ಹಸು ಅವಳಿ ಕರು ಹಾಕಿದ ವರ್ಷ. ಶಿವರಾತ್ರಿಗೆ ಇನ್ನೂ ಹದಿನೈದು ದಿನವಿತ್ತು; ನಾನು ಉಳಿದಿದ್ದ ರಜೆಯನ್ನೆಲ್ಲ ಹಾಕಿ ಅತ್ತೆಯ ಮನೆಗೆ ಬಂದಿದ್ದೆ. ಕಂಬಳಿ ಮಡಿಸಿಡುವ ಮೊದಲೇ ಬೀಸಣಿಗೆ ಹುಡುಕಬೇಕಾಯಿತು. ಹತ್ತು ಗಂಟೆಗೆ ರಸ್ತೆಯ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು. ಕರಾವಳಿಯಲ್ಲಿ ಉಷ್ಣಾಂಶ ಸಾಮಾನ್ಯಕ್ಕಿಂತ ಹೆಚ್ಚು ಎಂದು ರೇಡಿಯೋ ಒಂದು ಸಾಲು ಹೇಳಿತು. ಉಳಿದದ್ದನ್ನೆಲ್ಲ ಅತ್ತೆ ತಾನೇ ಸೇರಿಸಿ ಜಾರಿಗೆ ತಂದಳು.

ಹನ್ನೊಂದರಿಂದ ನಾಲ್ಕರವರೆಗೆ ಯಾರೂ ಹೊಸ್ತಿಲು ದಾಟುವಂತಿಲ್ಲ. ಎಮ್ಮೆಗಳ ಬೆನ್ನಿಗೆ ಒದ್ದೆ ಗೋಣಿಚೀಲ. ನಾಯಿಗೆ ಬಚ್ಚಲುಮನೆಯಲ್ಲಿ ವಾಸ. ಪೋಸ್ಟ್‌ಮ್ಯಾನ್ ಸೈಕಲ್ಲಿನಲ್ಲಿ ಬಂದವನನ್ನು ಜಗಲಿಯ ಮೇಲೆ ಹಿಡಿದು ಕೂರಿಸಿ ಮಜ್ಜಿಗೆ ಕೊಟ್ಟಳು.

"ಅಮ್ಮಾ, ನಂಗೆ ಡ್ಯೂಟಿ ಐತೆ."

"ಕಾಗ್ದಕ್ಕೆ ಬಿಸ್ಲು ತಾಕಿದ್ರೆ ಏನೂ ಆಗಾಕಿಲ್ಲ ಕಣಪ್ಪ. ನಿಂಗೆ ತಾಕಿದ್ರೆ ಕಾಗ್ದ ಕೊಡೋರ್ಯಾರು? ಕುಂತ್ಕೋ."

ಮೂರು ದಿನ ಊರಿನ ಕಾಗದಗಳೆಲ್ಲ ದೀಪ ಹಚ್ಚುವ ಹೊತ್ತಿಗೆ ತಲುಪಿದವು. ನಾಲ್ಕನೇ ದಿನ ಪೋಸ್ಟ್‌ಮ್ಯಾನ್ ತಾನಾಗಿಯೇ ಬಂದು, ಮಜ್ಜಿಗೆ ಕುಡಿದು, ಒಂದು ದಿಂಬು ಕೇಳಿದ!

ಎಲ್ಲರೂ ಬಗ್ಗಿದರು, ಒಬ್ಬರನ್ನು ಬಿಟ್ಟು. ಮಾವ ಒಂದು ದಿನ ಅತ್ತೆ ಕೆರೆಗೆ ಹೋದದ್ದು ನೋಡಿ ಟ್ರಾನ್ಸಿಸ್ಟರನ್ನು ಟವೆಲಿನಲ್ಲಿ ಸುತ್ತಿ ನನ್ನನ್ನೂ ಕರೆದುಕೊಂಡು ತಿಪಟೂರಿನ ಬಸ್ಸು ಹತ್ತಿದರು. ಅಲ್ಲಿ ಅವರಿಗೆ ಪರಿಚಯದ ರೇಡಿಯೋ ರಿಪೇರಿಯ ಸಾಬರೊಬ್ಬರಿದ್ದರು.

"ಸಾಬ್ರೇ, ಇದ್ರಾಗೆ ಹವಾಮಾನ ಬರ್ದಂಗೆ ಮಾಡಿ."

ಸಾಬರು ಕನ್ನಡಕ ಹಣೆಗೇರಿಸಿದರು. "ಹಾಡು ಬರ್ಬೇಕು, ವಾರ್ತೆ ಬರ್ಬೇಕು, ಹವಾಮಾನ ಮಾತ್ರ ಬರ್ಬಾರ್ದು. ಅಂಥಾ ರೇಡಿಯೋ ಇನ್ನೂ ಹುಟ್ಟಿಲ್ಲ ಯಜಮಾನ್ರೇ."

"ಹಂಗಾದ್ರೆ ಒಂದು ತಿಂಗ್ಳು ಇಲ್ಲೇ ಇಟ್ಕಳಿ. ಬೆಂಗಳೂರಿಂದ ಸಾಮಾನು ಬರ್ಬೇಕು ಅಂತ ಹೇಳಿ."

ಸಾಬರು ಒಪ್ಪಿದರು. ಮೂರನೆಯ ದಿನ ಅತ್ತೆ ಬಸ್ಸಿನಲ್ಲಿ ಬಂದು ಅಂಗಡಿಯ ಮುಂದಿನ ಸ್ಟೂಲಿನಲ್ಲಿ ಕೂತಳು. ಹಿಂದೆ ನಾನು ಮತ್ತು ಮಾವ, ಕಳ್ಳತನ ಮಾಡಿ ಸಿಕ್ಕಿಬಿದ್ದ ಅಣ್ಣತಮ್ಮಂದಿರ ಹಾಗೆ. ಸಾಬರು ಒಮ್ಮೆ ಅತ್ತೆಯ ಮುಖ ನೋಡಿದರು, ಒಮ್ಮೆ ಮಾವನ ಮುಖ ನೋಡಿದರು. ಟ್ರಾನ್ಸಿಸ್ಟರ್ ತೆಗೆದು ಅತ್ತೆಯ ಕೈಗೇ ಕೊಟ್ಟರು.

"ರೇಡಿಯೋ ಕೆಟ್ಟಿಲ್ಲ ಅಮ್ಮಾ. ಹವಾನೇ ಕೆಟ್ಟೈತೆ. ತಗೊಂಡ್ ಹೋಗಿ."

ಅತ್ತೆ ಏಳಲಿಲ್ಲ. "ನಿಮ್ಮ ಬೀಗ್ರು ಸಮುದ್ರದ ಕಡೆಯೋರಂತಲ್ಲ ಸಾಬ್ರೇ. ಹೋಗಿ ಬಂದಿದ್ದೀರಿ. ಅಲ್ಲಿ ಬಿಸ್ಲಿಗೂ ಇಲ್ಲಿ ಬಿಸ್ಲಿಗೂ ಏನಾರ ವ್ಯತ್ಯಾಸ ಐತಾ?"

ನಾನು ಮಾವನ ಕೈ ಚಿವುಟಿದೆ. ಈಗ ಸತ್ಯ ಹೊರಬೀಳುತ್ತದೆ!

ಸಾಬರು ಯೋಚಿಸಿ ಹೇಳಿದರು. "ಅಲ್ಲಿ ಬೆವರು ಸುರೀತದೆ ಅಮ್ಮಾ, ನಿಂತಲ್ಲಿ ಸ್ನಾನ. ಇಲ್ಲಿ ಬೆವರು ಬರಾದೇ ಗೊತ್ತಾಗಲ್ಲ. ಒಣಗಿಸ್ತದೆ, ಒಳಗೇ ಬೇಯಿಸ್ತದೆ. ಈ ಸಲದ್ದು ಭಾರಿ ಖರಾಬ್ ಬಿಸ್ಲು."

ವಾಪಸ್ಸು ಬರುವಾಗ ಬಸ್ಸಿನಲ್ಲಿ ಅತ್ತೆ ಟ್ರಾನ್ಸಿಸ್ಟರನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತಾ ಕೂತಿದ್ದಳು. ನಡುವೆ ಒಮ್ಮೆ ಕೈ ಚಾಚಿ ಮಾವನ ಹಣೆ ಮುಟ್ಟಿ, ಬೆವರಿದೆಯೋ ಎಂದು ಬೆರಳು ನೋಡಿಕೊಂಡಳು.

ಮಾರನೆಯ ಬೆಳಿಗ್ಗೆ ಮಾವ ಪೇಟೆಗೆ ಹೋಗುವ ಶರಟು ಹಾಕಿಕೊಂಡು "ತಿಪಟೂರಿಗೆ ಹೋಗಿ ಬತ್ತೀನಿ" ಎಂದು ಹೊರಟರು. ನಿನ್ನೆಯಷ್ಟೇ ಹೋಗಿದ್ದವರು ಇವತ್ತು ಮತ್ತೆ ಯಾಕೆ ಎಂದು ನಾವು ಕೇಳಬೇಕಿತ್ತು. ಅತ್ತೆಗೆ ಸಮಾಧಾನವೇ ಆಯಿತು. "ಹೋಗ್ಲಿ ಬುಡು. ತಿಪಟೂರ್ನಾಗೆ ಅಟ್ಟ ಇಲ್ಲ."

ಸುಮಾರು ಹನ್ನೊಂದು ಗಂಟೆಗೆ ಅವಳಿಗೆ ಉಪಾಯ ಹೊಳೆಯಿತು. ಅವರು ಬರುವುದರೊಳಗೆ ಏಣಿಯನ್ನೇ ತೆಗೆದುಬಿಟ್ಟರೆ? ಅಟ್ಟವಿದ್ದದ್ದು ಹಿಂದಿನ ಪಡಸಾಲೆಯ ಮೇಲೆ. ಅದರ ಚೌಕ ಬಾಯಿಗೆ ಒಂದು ಉದ್ದನೆಯ ಬಿದಿರೇಣಿ. ಅದನ್ನು ತೆಗೆದು ತೋಟದ ಹುಲ್ಲಿನ ಬಣವೆಯ ಹಿಂದೆ ಬಚ್ಚಿಟ್ಟಾಯಿತು.

ಈ ಕಥೆಯನ್ನು ನಾನು ಎಷ್ಟೋ ಮದುವೆ ಮನೆಗಳಲ್ಲಿ ಹೇಳಿದ್ದೇನೆ. ಅತ್ತೆ ಒಬ್ಬಳೇ ಏಣಿಯನ್ನು ಎಳೆದುಕೊಂಡು ಹೋದಳು ಎಂದೇ ಹೇಳಿದ್ದೇನೆ. ಜನ ನಕ್ಕಿದ್ದಾರೆ. ಆದರೆ ಎರಡಾಳುದ್ದದ ಏಣಿಗೆ ಎರಡು ತುದಿ. ಒಂದು ತುದಿ ಅತ್ತೆ ಹಿಡಿದಿದ್ದಳು. ಮನೆಯಲ್ಲಿ ಇನ್ನು ಇದ್ದವನು ನಾನೊಬ್ಬನೇ. ಏಣಿಯ ಬುಡದಲ್ಲಿ, ಗೋಡೆಯ ಪಕ್ಕಕ್ಕೆ, ಮಾವನ ಚಪ್ಪಲಿ ಇದ್ದವು. ಅವನ್ನು ಕಂಡೂ ಸುಮ್ಮನಾದೆ ಎಂದು ಕೆಲವು ಸಲ ಅನ್ನಿಸುತ್ತದೆ, ಕಾಣಲೇ ಇಲ್ಲ ಎಂದೂ ಅನ್ನಿಸುತ್ತದೆ. ಯಾವುದು ನನಗೆ ಹಗುರವೋ ಅದನ್ನು ನಂಬುತ್ತಾ ಬಂದಿದ್ದೇನೆ.

ಹೌದು, ಮಾವ ತಿಪಟೂರಿಗೆ ಹೋಗಿರಲಿಲ್ಲ. ತೋಟ ಸುತ್ತಿ, ಹಿತ್ತಲಿನಿಂದ ಬಂದು, ಚಪ್ಪಲಿ ಕಳಚಿಟ್ಟು ಅಟ್ಟ ಹತ್ತಿದ್ದರು. ನಾವು ಏಣಿ ತೆಗೆಯುವಾಗ ಕಾಯಿಯೊಂದನ್ನು ಕೈಯಲ್ಲಿ ಹಿಡಿದು, ಸದ್ದಾಗದ ಹಾಗೆ ಉಸಿರು ಬಿಗಿಹಿಡಿದು ನಮ್ಮ ತಲೆಯ ಮೇಲೆಯೇ ಕೂತಿದ್ದರು!

ಆಗಲೇ ಯಾಕೆ ಕೂಗಲಿಲ್ಲ? ಇದಕ್ಕೆ ಮಾವ ಆಮೇಲೆ ಮೂರು ಉತ್ತರ ಕೊಟ್ಟರು. ನಿದ್ದೆ ಬಂದಿತ್ತು ಎಂದು ಒಂದು ಸಲ. ತಮಾಷೆ ಎಂದುಕೊಂಡೆ ಎಂದು ಇನ್ನೊಂದು ಸಲ. ಬಹಳ ದಿನದ ಮೇಲೆ ಒಂದು ಸಂಜೆ, ಅತ್ತೆ ಹತ್ತಿರ ಇಲ್ಲದಾಗ, "ಕೂಗಿದ್ರೆ ಅವಳು ಗೆದ್ದಂಗಾಗ್ತಿತ್ತು ಕಣ್ಲಾ" ಎಂದರು. ನಾನು ನಂಬುವುದು ಇದನ್ನು.

ಅತ್ತೆ ಮುಂದಿನ ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದಳು. ನಾನು ಪೇಪರಿನಲ್ಲಿ ಮುಖ ಮುಚ್ಚಿಕೊಂಡಿದ್ದೆ. ಒಂದೂವರೆಯ ಹೊತ್ತಿಗೆ ಹಿಂದಿನ ಪಡಸಾಲೆಯಲ್ಲಿ ಧಡ್ ಎಂದು ಸದ್ದಾಯಿತು.

"ಏನತ್ತೆ ಅದು?"

"ಬೆಕ್ಕು. ಅಟ್ಟದಾಗೆ ಮರಿ ಹಾಕೈತೆ."

ಸ್ವಲ್ಪ ಹೊತ್ತಿಗೆ ಮತ್ತೆ ಧಡ್. ಕಾಯಿಯೊಂದು ಉರುಳಿ ಬಾಗಿಲಿಗೆ ಬಡಿದ ಸದ್ದು.

"ನಿಮ್ಮ ಬೆಕ್ಕು ಕೊಬ್ಬರಿ ವ್ಯಾಪಾರಕ್ಕೆ ಇಳಿದಿರಬೇಕು" ಎಂದೆ. ಅತ್ತೆ ನಕ್ಕಳು. ನಕ್ಕದ್ದು ಅರ್ಧಕ್ಕೇ ನಿಂತಿತು. ಮೊರ ಹಿಡಿದ ಕೈ ಹಾಗೇ ಇತ್ತು. ಅವಳು ಮೂರನೆಯ ಸದ್ದಿಗೆ ಕಾಯುತ್ತಿದ್ದಳು. ಅದು ಬರಲಿಲ್ಲ.

ಮೊರ ಎಲ್ಲಿ ಬಿತ್ತೋ, ಅಕ್ಕಿ ಎಲ್ಲಿ ಚೆಲ್ಲಿತೋ. ನಾನು ಪಡಸಾಲೆಗೆ ಓಡುವಷ್ಟರಲ್ಲಿ ಅವಳು ಚಪ್ಪಲಿಗಳನ್ನು ಕೈಯಲ್ಲಿ ಹಿಡಿದು ನಿಂತಿದ್ದಳು. "ಏಣಿ! ಏಣಿ ತಗಂಡ್ ಬಾರ್ಲಾ!" ಎಂದು ಕಿರುಚಿ ನನಗಿಂತ ಮುಂದೆ ಅವಳೇ ಓಡಿದಳು. ಬಣವೆಯಿಂದ ಮನೆಗೆ ನೂರು ಹೆಜ್ಜೆ ಇರಬಹುದು. ಆ ನೂರು ಹೆಜ್ಜೆಯಲ್ಲಿ ಅವಳು ಬರಿಗಾಲಲ್ಲಿದ್ದಳು. ನೆಲ ಕಾದ ಹಂಚಿನ ಹಾಗಿತ್ತು.

ಏಣಿ ನಿಲ್ಲಿಸುತ್ತಲೇ ಸೀರೆ ಎತ್ತಿ ಕಟ್ಟಿ ಅವಳೇ ಹತ್ತಿದಳು. ಮಾವ ಅಟ್ಟದ ಬಾಯಿಯ ಹತ್ತಿರವೇ ಒಂದು ಕಾಯಿಯ ಮೇಲೆ ಕೈಯಿಟ್ಟು ಮಗ್ಗುಲಾಗಿ ಬಿದ್ದಿದ್ದರು. ಪಕ್ಕದ ತೋಟದಲ್ಲಿ ಕಾಯಿ ಸುಲಿಯುತ್ತಿದ್ದ ಇಬ್ಬರನ್ನು ಕೂಗಿ ಕರೆದು, ಗೋಣಿತಟ್ಟಿಗೆ ಹಗ್ಗ ಕಟ್ಟಿ, ಕಾಯಿ ಮೂಟೆ ಇಳಿಸುವ ಹಾಗೆ ಅವರನ್ನು ಇಳಿಸಿದೆವು. ಅತ್ತೆ ಒಂದು ಕೊಡ ನೀರನ್ನು ಅವರ ಮೈಮೇಲೆ ಸುರಿದಳು, ಇನ್ನೊಂದು ಕೊಡ ಸುರಿದಳು, ಒದ್ದೆ ಚೀಲ ಹೊದಿಸಿ ಮೊರದಲ್ಲೇ ಗಾಳಿ ಹಾಕತೊಡಗಿದಳು. ಬಾಯಲ್ಲಿ ಬೈಗುಳ. ಅಷ್ಟು ಬೈಗುಳ ಕನ್ನಡದಲ್ಲಿವೆ ಎಂದು ನನಗೆ ಗೊತ್ತಿರಲಿಲ್ಲ. ಒಂದೊಂದು ಬೈಗುಳದ ಕೊನೆಗೂ "ಕಣ್ಬುಡ್ರೀ, ಕಣ್ಬುಡ್ರೀ" ಎನ್ನುತ್ತಿದ್ದಳು.

ಎಷ್ಟು ಹೊತ್ತಾಯಿತೋ. ಡಾಕ್ಟರನ್ನು ಕರೆತರಲು ಸುಲಿಯುವವರಲ್ಲಿ ಒಬ್ಬ ಸೈಕಲ್ ಹತ್ತಿ ಹೋಗಿದ್ದ. ಮಾವ ಕಣ್ಣು ಬಿಟ್ಟರು. ತುಟಿ ಅಲ್ಲಾಡಿತು. ಅತ್ತೆ ಬಗ್ಗಿದಳು.

"ಲೇ... ಸಮುದ್ರ ಎಷ್ಟು ದೂರ ಐತೆ?"

"ಇಲ್ಲೇ ಐತೆ" ಎಂದಳು ಅತ್ತೆ. "ಸುಮ್ನೆ ಮಲಕ್ಕಳಿ."

ನೀರು ಪಡಸಾಲೆಯ ತುಂಬಾ ನಿಂತಿತ್ತು. ಅವರು ಅಣಕಿಸಿದರೋ, ಭ್ರಮೆಯಲ್ಲಿ ಕೇಳಿದರೋ ಗೊತ್ತಿಲ್ಲ. ನಾನು ಭೂಗೋಳದ ಮೇಷ್ಟ್ರು, ನಾನೂ ಏನೂ ತಿದ್ದಲಿಲ್ಲ.

ಬದುಕಿದರು. ಆದರೆ ಇನ್ನು ಅಟ್ಟದ ಮಾತೇ ಕೂಡದೆಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದರು. ಬಲಗೈಗೆ ಒಂದು ನಡುಕ ಉಳಿದುಕೊಂಡಿತು. ಮಾವ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟರು. ಕಾಯಿ ತಂದವರನ್ನು "ನಂಗೆ ಕೇಳ್ಸಾಕಿಲ್ಲ, ಹೋಗ್ರಪ್ಪ" ಎಂದು ವಾಪಸ್ಸು ಕಳಿಸಿದರು. ಬಿಸಿಲು ಕೊಲ್ಲದ ಮನುಷ್ಯನನ್ನು ನೆರಳು ಕೊಲ್ಲುತ್ತದೇನೋ ಎಂದು ನನಗೆ ಭಯವಾಯಿತು.

ಒಂದು ದಿನ ನಾನೆದ್ದು ನೋಡುತ್ತೇನೆ, ಅತ್ತೆ ಬೆಳಕು ಹರಿಯುವ ಮೊದಲೇ ಮಂಕರಿಯಲ್ಲಿ ಕಾಯಿಗಳನ್ನು ಅಟ್ಟದಿಂದ ಇಳಿಸಿ ಜಗಲಿಗೆ ಸುರಿಯುತ್ತಿದ್ದಾಳೆ. ಮಾವನನ್ನು ಎಬ್ಬಿಸಿ ಕೂರಿಸಿದಳು.

"ಬೆಳಿಗ್ಗೆ ಕಾಯಿ ಸುಳ್ಳು ಹೇಳ್ತದೆ ಕಣೇ" ಎಂದರು ಮಾವ ಬೇಸರದಿಂದ.

"ಹೇಳ್ಲಿ ಬುಡಿ. ನಾನು ಅಲ್ಲಾಡಿಸ್ತೀನಿ, ನೀವು ಕೇಳಿ. ಇಬ್ರ ಮುಂದೆ ಎಷ್ಟೂಂತ ಸುಳ್ಳು ಹೇಳೀತು?"

ಅವಳು ಕಾಯಿಯನ್ನು ಅವರ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವಳು. ಅವರು ಕಣ್ಣು ಮುಚ್ಚಿ "ಆಗೈತೆ" ಅಥವಾ "ಇಲ್ಲ" ಎನ್ನುವರು. ಆಗಿದ್ದು ಬಲಕ್ಕೆ, ಆಗದ್ದು ಎಡಕ್ಕೆ. ಬಿಸಿಲು ಜಗಲಿಗೆ ಬರುವ ಹೊತ್ತಿಗೆ ಕೆಲಸ ಮುಗಿಯುತ್ತಿತ್ತು. ಜನ ಮತ್ತೆ ಚೀಲ ಹೊತ್ತು ಬರತೊಡಗಿದರು.

ಮೂರೋ ನಾಲ್ಕೋ ವರ್ಷದ ಮೇಲೆ ಒಂದು ರಜೆಯಲ್ಲಿ ಹೋದಾಗ ಅವರಿಬ್ಬರೂ ಹಾಗೆಯೇ ಕೂತಿದ್ದರು. ಮಾವನ ಜೊತೆ ಮಾತಾಡಬೇಕಾದರೆ ನಾನು ಕೂಗಬೇಕಾಯಿತು. ಕಾಯಿಗಳು ಮಾತ್ರ ಎಂದಿನಂತೆ ಬಲಕ್ಕೂ ಎಡಕ್ಕೂ ಹೋಗುತ್ತಿದ್ದವು. "ಆಗೈತೆ." "ಇಲ್ಲ." "ಆಗೈತೆ." ಕೆಲಸ ಮುಗಿಸಿ ಮಾವ ಒಳಗೆ ಹೋಗಿ ಮಲಗಿದರು. ಅತ್ತೆ ಏಳಲಿಲ್ಲ. ಬಲಗಡೆಯ ರಾಶಿಯಿಂದ ಒಂದೊಂದೇ ಕಾಯಿ ತೆಗೆದು ತನ್ನ ಕಿವಿಯ ಹತ್ತಿರ ಹಿಡಿದು ಒಂದೇ ಒಂದು ಸಲ ಅಲ್ಲಾಡಿಸಿ, ಕೆಲವನ್ನು ಎಡಕ್ಕೆ ಹಾಕಿದಳು. ಎಡಗಡೆಯಿಂದ ಕೆಲವನ್ನು ಬಲಕ್ಕೆ ಹಾಕಿದಳು. ನಾನು ನೋಡುತ್ತಿರುವುದು ಅವಳಿಗೆ ಗೊತ್ತಿತ್ತು. ಊರಿಗೆಲ್ಲ ಕೇಳುವ ಹಾಗೆ ಮಾತಾಡುವ ಅತ್ತೆ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಸಂಜೆ ತಿಪಟೂರಿನ ವರ್ತಕ ಬಂದ. ಜಗಲಿಯ ಮೇಲೆ ಕೂತಿದ್ದ ಮಾವನಿಗೆ ಕೈಮುಗಿದು, "ನಿಮ್ಮನೆ ಚೀಲದಾಗೆ ಒಂದೂ ಹಸಿ ಬರಾಕಿಲ್ಲ ಯಜಮಾನ್ರೇ. ಆ ಕಿವಿ ಹಂಗೇ ಐತೆ ನೋಡಿ!" ಎಂದ.

ಮಾವ ನಡುಗುವ ಕೈಯನ್ನು ಕಿವಿಯ ಹಿಂದಿಟ್ಟುಕೊಂಡು ಅತ್ತೆಯ ಕಡೆ ತಿರುಗಿದರು. "ಏನಂದ?"

ಅತ್ತೆ ಅವರ ಹತ್ತಿರಕ್ಕೆ ಬಗ್ಗಿ, ಬೀದಿಯ ಆಚೆಗೂ ಕೇಳುವ ಹಾಗೆ ಕೂಗಿ ಹೇಳಿದಳು.

"ನಿಮ್ಮ ಕಿವಿ ಹಂಗೇ ಐತಂತೆ ಕಣ್ರೀ!"